ಸಮುದಾಯ ಪೊಲೀಸ್ ಹುದ್ದೆಗೆ ಸರಿಯಾದವರನ್ನು ಆರಿಸುವ ಬಗೆ

ಸಮುದಾಯ ಪೊಲೀಸಿಂಗ್‌ಗೆಂದು (ಒಂದೇ ಸರಹದ್ದಿನ ಜನರ ಪರಿಚಯ ಬೆಳೆಸಿ, ಅವರ ಜೊತೆ ಸೇರಿ ಸಮಸ್ಯೆ ಬಿಡಿಸುವ ಪೊಲೀಸ್ ಕೆಲಸಕ್ಕೆಂದು) ನೇಮಕಾತಿ ನಡೆಸುವ ಇಲಾಖೆಗಳು ಹೆಚ್ಚಾಗಿ ಒಂದೇ ಜಾಗದಲ್ಲಿ ಎಡವುತ್ತವೆ. ಅಧಿಸೂಚನೆಯಲ್ಲಿ ‘ಜನಸ್ನೇಹಿ ಮನೋಭಾವ ಇರಬೇಕು’ ಎಂದು ಬರೆಯುತ್ತವೆ, ಪರೀಕ್ಷೆಯಲ್ಲಿ ಮಾತ್ರ ಓಟ, ಜಿಗಿತ, ಕಾನೂನಿನ ಕಲಂಗಳನ್ನು ಅಳೆಯುತ್ತವೆ. ಅಳೆದದ್ದೇ ಕೈಗೆ ಸಿಗುತ್ತದೆ. ಚೆನ್ನಾಗಿ ಓಡುವವರು, ಕಲಂಗಳನ್ನು ಬಾಯಿಪಾಠ ಮಾಡಿದವರು ಬರುತ್ತಾರೆ. ಬಾಗಿಲು ತಟ್ಟಿ, ಒಳಗಿರುವವರ ಮಾತನ್ನು ಹತ್ತು ನಿಮಿಷ ಮಧ್ಯೆ ಬಾಯಿ ಹಾಕದೆ ಕೇಳಬಲ್ಲವರು ಬಂದರೋ ಇಲ್ಲವೋ ಅದೃಷ್ಟಕ್ಕೆ ಬಿಟ್ಟದ್ದು. ಇಲ್ಲಿ ಹೇಳಿರುವ ಕ್ರಮದಲ್ಲಿ ಮೊದಲು ಆ ಕೆಲಸವನ್ನು ಕಣ್ಣಾರೆ ನೋಡಬೇಕು, ಆಮೇಲೆ ಅದನ್ನೇ ಪರೀಕ್ಷೆಯಲ್ಲಿ ಮಾಡಿಸಿ ನೋಡಬೇಕು, ಆರಿಸಿದವರನ್ನು ಅದೇ ಕೆಲಸದಲ್ಲಿ ಉಳಿಸಿಕೊಳ್ಳಬೇಕು.

ಎರಡು ವಾರ ಬೀಟಿನ ಹಿಂದೆ ನಡೆಯಿರಿ

ಈಗಾಗಲೇ ಬೀಟಿನಲ್ಲಿ, ಅಂದರೆ ತಮಗೆ ಗೊತ್ತುಮಾಡಿದ ಗಸ್ತಿನ ಸರಹದ್ದಿನಲ್ಲಿ, ಒಳ್ಳೆಯ ಹೆಸರು ತೆಗೆದುಕೊಂಡಿರುವ ನಾಲ್ವರನ್ನು ಹುಡುಕಿ. ಒಬ್ಬೊಬ್ಬರ ಜೊತೆ ಹತ್ತು ಪಾಳಿ ಒಬ್ಬರನ್ನು ಕಳಿಸಿ, 15 ನಿಮಿಷಕ್ಕೊಮ್ಮೆ ಬರೆದುಕೊಳ್ಳಲು ಹೇಳಿ: ಎಲ್ಲಿದ್ದಾರೆ, ಯಾರ ಜೊತೆ ಮಾತಾಡುತ್ತಿದ್ದಾರೆ, ಮಾತು ಶುರು ಮಾಡಿದ್ದು ಯಾರು, ಏನು ಮುಗಿಯಿತು, ಏನು ಬಾಕಿ ಉಳಿಯಿತು. ಎಂಟು ಗಂಟೆಯ ಪಾಳಿಗೆ 32 ನಮೂದು, 40 ಪಾಳಿಗೆ 1,280. ಬೇಸರದ ಕೆಲಸ ನಿಜ. ಆದರೆ ಮುಂದಿನ ಪ್ರತಿ ಹೆಜ್ಜೆಯೂ ನಿಲ್ಲುವುದು ಈ ಹಾಳೆಗಳ ಮೇಲೆ. ‘ಸಮುದಾಯ ಪೊಲೀಸ್ ಎಂದರೆ ಶಾಲೆಗೆ ಹೋಗಿ ಭಾಷಣ ಮಾಡುವವರು’ ಎಂದುಕೊಂಡಿರುವ ಮೇಲಧಿಕಾರಿಗೂ ಇವುಗಳಿಗಿಂತ ಒಳ್ಳೆಯ ಉತ್ತರ ಇಲ್ಲ.

ಇಷ್ಟು ಕಷ್ಟ ಏಕೆ ಎಂದರೆ, ಪೊಲೀಸರು ಯಾವುದರಿಂದ ಪ್ರಯೋಜನಕ್ಕೆ ಬರುತ್ತಾರೆ ಎಂಬ ಊಹೆ ಹಿಂದೆಯೂ ತಪ್ಪಿದೆ. 1972–73ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ 15 ಬೀಟುಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿನಲ್ಲಿ ಕಾರಿನ ಮಾಮೂಲಿ ಗಸ್ತನ್ನು ನಿಲ್ಲಿಸಿದರು, ಇನ್ನೊಂದರಲ್ಲಿ ಎರಡು ಮೂರು ಪಟ್ಟು ಹೆಚ್ಚಿಸಿದರು, ಮತ್ತೊಂದನ್ನು ಇದ್ದ ಹಾಗೇ ಬಿಟ್ಟರು. ಅಪರಾಧದಲ್ಲಾಗಲಿ ಜನರ ಭಯದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 1970ರ ದಶಕದ ಕೊನೆಗೆ ಅಮೆರಿಕದ್ದೇ ಇನ್ನೊಂದು ನಗರ ನೆವಾರ್ಕ್‌ನಲ್ಲಿ ಕಾಲ್ನಡಿಗೆ ಗಸ್ತನ್ನು ಪರೀಕ್ಷಿಸಿದಾಗ ಅಪರಾಧದ ಲೆಕ್ಕ ಇಳಿಯಲಿಲ್ಲ, ಆದರೆ ಅಲ್ಲಿನ ನಿವಾಸಿಗಳ ಭಯ ಇಳಿಯಿತು, ಪೊಲೀಸರ ಬಗ್ಗೆ ಅಭಿಪ್ರಾಯ ಸುಧಾರಿಸಿತು. ಕಾರಿನಲ್ಲಿ ಕೂತು ದಾಟಿ ಹೋಗುವವರಿಗೂ ನಡೆದು ಹೋಗಿ ನಿಂತು ಮಾತಾಡುವವರಿಗೂ ಇರುವ ವ್ಯತ್ಯಾಸ ಇದು. ನಮಗೆ ಬೇಕಾದವರು ಎರಡನೆಯವರು.

ಎರಡು ವಾರದ ಹಾಳೆಗಳಿಂದ ಕೆಲಸದ ಪಟ್ಟಿ ಮಾಡಿ. ಗುಣವಾಚಕಗಳನ್ನು ಬಿಟ್ಟು ಕ್ರಿಯಾಪದಗಳಲ್ಲಿ ಬರೆಯಿರಿ. ‘ಸಂವಹನ ಕೌಶಲ’ ಎನ್ನುವುದು ಯಾರಿಗೂ ಏನೂ ಹೇಳುವುದಿಲ್ಲ. ‘ಸಿಟ್ಟಾಗಿರುವ ದೂರುದಾರರ ಮಾತು ಕೇಳಿ, ಅದನ್ನು ಐದಾರು ಸಾಲಿನಲ್ಲಿ ಸರಿಯಾಗಿ ಬರೆದು, ಏನಾಯಿತೆಂದು ಮೂರು ದಿನದೊಳಗೆ ಅವರಿಗೆ ತಿಳಿಸುವುದು’ ಎಂದರೆ ಅದನ್ನು ಪರೀಕ್ಷಿಸಬಹುದು. ‘ಒಂದೇ ಜಾಗದಿಂದ ಪದೇ ಪದೇ ಬರುವ ಕರೆಗಳ ಹಿಂದಿನ ಕಾರಣ ಹುಡುಕುವುದು’, ‘ದೀಪ, ಕಸ, ನೀರಿನಂಥ ಬೇರೆ ಇಲಾಖೆಯ ಕೆಲಸವನ್ನು ಬೆನ್ನು ಹತ್ತಿ ಮಾಡಿಸುವುದು’, ‘ಅಗತ್ಯ ಬಿದ್ದಾಗ ಅದೇ ಪರಿಚಯದವರನ್ನು ಬಂಧಿಸುವುದು’. ಈ ಕೊನೆಯದನ್ನು ಬಿಡಬೇಡಿ. ಬಿಟ್ಟರೆ ಹುದ್ದೆಗೆ ಸಮಾಜಸೇವಕರು ಬರುತ್ತಾರೆ, ಮೊದಲ ಬಂಧನದ ದಿನ ಕಂಗಾಲಾಗುತ್ತಾರೆ. ಪಟ್ಟಿ ಎಂಟು ಸಾಲು ದಾಟದಿರಲಿ. ಅದರಿಂದ ಅಳೆಯಬೇಕಾದ ಗುಣ ಆರೇ ಇರಲಿ: ಕೇಳುವುದು, ಬರೆಯುವುದು, ಸಮಸ್ಯೆ ಬಿಡಿಸುವುದು, ಅಧಿಕಾರ ಎಲ್ಲಿ ಬಳಸಬೇಕು ಎಲ್ಲಿ ಬಾರದು ಎಂಬ ತೂಕ, ಕೊಟ್ಟ ಮಾತು ನಡೆಸುವುದು, ಪ್ರಾಮಾಣಿಕತೆ. ಹನ್ನೆರಡು ಗುಣ ಬರೆದರೆ ಸಂದರ್ಶನ ಮಂಡಳಿ ಹನ್ನೆರಡಕ್ಕೂ ಒಂದೇ ಅಂಕ ಹಾಕುತ್ತದೆ.

ಒಳಗಿನವರೋ ಹೊರಗಿನವರೋ

ಎರಡೂ ದಾರಿ ಇವೆ, ಎರಡರ ಅಪಾಯವೂ ಬೇರೆ ಬೇರೆ. ಒಳಗಿನವರನ್ನು ವರ್ಗಾಯಿಸುವಾಗ ದೊಡ್ಡ ಅಪಾಯ ಎಂದರೆ ಈ ಹುದ್ದೆ ‘ಎಲ್ಲೂ ಹಾಕಲಾಗದವರ’ ಜಾಗ ಆಗಿಬಿಡುವುದು. ಮೊಣಕಾಲು ನೋವಿನವರು, ಠಾಣಾಧಿಕಾರಿ ಜೊತೆ ಜಗಳ ಆಡಿದವರು, ನಿವೃತ್ತಿಗೆ ಎರಡು ವರ್ಷ ಇರುವವರು ಇಲ್ಲಿಗೆ ಬರುತ್ತಾರೆ. ಒಂದು ಸಲ ಈ ಹೆಸರು ಅಂಟಿತೆಂದರೆ ಒಳ್ಳೆಯವರು ಅರ್ಜಿಯನ್ನೇ ಹಾಕುವುದಿಲ್ಲ. ತಡೆಯುವುದು ಹೀಗೆ: ಸ್ವಇಚ್ಛೆಯಿಂದ ಅರ್ಜಿ ಹಾಕಿದವರನ್ನು ಮಾತ್ರ ಪರಿಗಣಿಸಿ, ಹೊರಗಿನವರಿಗೆ ಇಟ್ಟ ಪರೀಕ್ಷೆಯನ್ನೇ ಅವರಿಗೂ ಇಡಿ, ಬಡ್ತಿಯ ಲೆಕ್ಕದಲ್ಲಿ ಈ ಸೇವೆಯನ್ನು ಪತ್ತೆ ವಿಭಾಗದ ಸೇವೆಗೆ ಸಮ ಮಾಡಿ, ಅದನ್ನು ಅಧಿಸೂಚನೆಯಲ್ಲೇ ಬರೆಯಿರಿ.

ಒಳಗಿನ ಅಭ್ಯರ್ಥಿಯ ಕಡತ ಓದುವಾಗ ಮೇಲಧಿಕಾರಿಯ ಶಿಫಾರಸು ಪತ್ರವನ್ನು ಕೊನೆಗಿಡಿ. ‘ಇವರು ತುಂಬಾ ಒಳ್ಳೆಯವರು, ಕಳಿಸಿಕೊಡಲು ಅಡ್ಡಿಯಿಲ್ಲ’ ಎಂಬ ಸಾಲಿಗೆ ಎಷ್ಟೋ ಸಲ ‘ದಯವಿಟ್ಟು ತೆಗೆದುಕೊಂಡು ಹೋಗಿ’ ಎಂದೇ ಅರ್ಥ. ಮೊದಲು ನೋಡಬೇಕಾದ್ದು ಕಳೆದ ಐದು ವರ್ಷದ ದೂರುಗಳು, ಬಲಪ್ರಯೋಗದ ವರದಿಗಳು, ಅವರೇ ಬರೆದ ಹತ್ತು ಮಾಮೂಲಿ ವರದಿಗಳು. ದೂರು ಎಷ್ಟಿವೆ ಎಂಬುದಕ್ಕಿಂತ ಏನಿವೆ ಎಂಬುದು ಮುಖ್ಯ. ಜನರ ಮಧ್ಯೆ ಕೆಲಸ ಮಾಡುವವರ ಮೇಲೆ ಒಂದೆರಡು ದೂರು ಬಂದೇ ಬರುತ್ತವೆ. ಬೇರೆ ಬೇರೆ ಪಾಳಿಯ, ಬೇರೆ ಬೇರೆ ಜನ ‘ಅವಮಾನ ಮಾಡಿದರು’ ಎಂಬ ಒಂದೇ ಮಾತು ಹೇಳಿದ್ದರೆ ಅಲ್ಲಿಗೆ ನಿಲ್ಲಿಸಿ.

ಹೊರಗಿನವರಲ್ಲಿ ಪೊಲೀಸ್ ಅಕಾಡೆಮಿಯ ಕನಸು ಕಂಡವರನ್ನಷ್ಟೇ ನೆಚ್ಚಿಕೊಳ್ಳಬೇಡಿ. ಶಿಕ್ಷಕರು, ನರ್ಸ್‌ಗಳು, ಬಸ್ ಕಂಡಕ್ಟರ್‌ಗಳು, ಆಸ್ಪತ್ರೆಯ ಸ್ವಾಗತ ಮೇಜಿನವರು ದಿನಕ್ಕೆ ನೂರು ಜನರ ಸಿಟ್ಟನ್ನು ನೋಡಿದವರು. ಇವರಿಗೆ ನಿಮ್ಮ ಅಧಿಸೂಚನೆ ತಲುಪುವುದೇ ಇಲ್ಲ. ಹಾಗಾಗಿ ಆಯಾ ಕೆಲಸದ ಸಂಘಗಳಿಗೆ, ಬಡಾವಣೆಯ ಸಂಘಗಳಿಗೆ, ಪ್ರಾರ್ಥನಾ ಮಂದಿರಗಳ ಸಮಿತಿಗಳಿಗೆ ನೇರ ಕಳಿಸಿ. ಅದರ ಜೊತೆ ‘ಒಂದು ಪಾಳಿ ಜೊತೆಯಲ್ಲಿ ನಡೆಯಿರಿ’ ಎಂಬ ಅವಕಾಶ ಕೊಡಿ. ನಾಲ್ಕು ಗಂಟೆ ನಡೆದ ಮೇಲೆ ಕೆಲವರು ಅರ್ಜಿ ಹಾಕುವುದಿಲ್ಲ. ತರಬೇತಿಯ ಖರ್ಚೆಲ್ಲ ಆದ ಮೇಲೆ ಬಿಟ್ಟು ಹೋಗುವುದಕ್ಕಿಂತ ಈಗಲೇ ಹಿಂದೆ ಸರಿಯುವುದು ಒಳ್ಳೆಯದು.

ಅಧಿಸೂಚನೆ ಮತ್ತು ಅರ್ಜಿ

ಕೆಲಸದ ಎಂಟು ಸಾಲು ಹಾಗೇ ಹಾಕಿ. ಪಾಳಿ ಹೇಗಿರುತ್ತದೆ, ವಾರಕ್ಕೆ ಎಷ್ಟು ಸಂಜೆ, ಒಂದೇ ಬೀಟಿನಲ್ಲಿ ಕನಿಷ್ಠ ಎಷ್ಟು ವರ್ಷ ಇರಬೇಕು ಎಂಬುದನ್ನೂ ಬರೆಯಿರಿ. ಎರಡು ವರ್ಷಕ್ಕಿಂತ ಕಡಿಮೆ ಇಟ್ಟರೆ ಅರ್ಥವಿಲ್ಲ. ಮೊದಲ ವರ್ಷ ಮುಖಪರಿಚಯಕ್ಕೇ ಹೋಗುತ್ತದೆ. ಬೇಕಾದ ಭಾಷೆಗಳನ್ನು ಹೆಸರಿಸಿ, ಆದರೆ ‘ಬರುತ್ತದೆ’ ಎಂದು ಗುರುತು ಹಾಕಿದ ಮಾತ್ರಕ್ಕೆ ಅಂಕ ಕೊಡಬೇಡಿ. ಆ ಭಾಷೆ ಮನೆಮಾತಾಗಿರುವ ಒಬ್ಬರಿಂದ ಐದು ನಿಮಿಷ ಫೋನಿನಲ್ಲಿ ಮಾತಾಡಿಸಿದರೆ ಸಾಕು.

ಅರ್ಜಿ ಹಾಕಿದ ದಿನದಿಂದ ಆದೇಶಪತ್ರ ಕೈಗೆ ಬರುವವರೆಗೆ ಎಷ್ಟು ದಿನ ಹಿಡಿಯುತ್ತದೆ ಎಂದು ಎಣಿಸಿ. ಒಳ್ಳೆಯ ಅಭ್ಯರ್ಥಿಗಳಿಗೆ ಬೇರೆ ಕಡೆಯೂ ಕೆಲಸ ಸಿಗುತ್ತದೆ, ಅವರೇ ಮೊದಲು ಜಾರಿಕೊಳ್ಳುತ್ತಾರೆ. ಪ್ರತಿ ಅಭ್ಯರ್ಥಿಗೆ ಫೋನಿಗೆ ಸಿಗುವ ಒಬ್ಬ ಸಿಬ್ಬಂದಿಯನ್ನು ಗೊತ್ತುಮಾಡಿ, ಹೇಳುವುದಕ್ಕೆ ಏನೂ ಇಲ್ಲದಿದ್ದರೂ ಎರಡು ವಾರಕ್ಕೊಮ್ಮೆ ‘ಇನ್ನೂ ಇಲ್ಲೇ ಇದೆ’ ಎಂದು ತಿಳಿಸಲಿ.

ಪ್ರತಿ ಹಂತದಲ್ಲಿ ಯಾರು ಉಳಿದರು ಯಾರು ಹೋದರು ಎಂಬ ಲೆಕ್ಕ ಗುಂಪುವಾರು ಇಡಿ. ಅಮೆರಿಕದಲ್ಲಿ 1978ರಿಂದ ಬಳಕೆಯಲ್ಲಿರುವ ಐದರಲ್ಲಿ ನಾಲ್ಕರ ಸೂತ್ರ ಎಲ್ಲಿ ಬೇಕಾದರೂ ಉಪಯೋಗಕ್ಕೆ ಬರುತ್ತದೆ: ಒಂದು ಗುಂಪು ದಾಟುವ ಪ್ರಮಾಣ, ಹೆಚ್ಚು ದಾಟಿದ ಗುಂಪಿನ ಪ್ರಮಾಣದ ಐದರಲ್ಲಿ ನಾಲ್ಕು ಪಾಲಿಗಿಂತ ಕಡಿಮೆ ಬಿದ್ದರೆ ಎಚ್ಚರ. ಉದಾಹರಣೆಗೆ 200 ಗಂಡಸರಲ್ಲಿ 100 ಮಂದಿ ಒಂದು ಹಂತ ದಾಟಿದರು, ಅಂದರೆ ಶೇ 50. 80 ಹೆಂಗಸರಲ್ಲಿ 30 ಮಂದಿ ದಾಟಿದರು, ಅಂದರೆ ಶೇ 37.5. 37.5ನ್ನು 50ರಿಂದ ಭಾಗಿಸಿದರೆ 0.75. ಇದು 0.8ಕ್ಕಿಂತ ಕಡಿಮೆ, ಹಾಗಾಗಿ ಆ ಹಂತವನ್ನು ತಿರುಗಿ ನೋಡಬೇಕು. ಪರೀಕ್ಷೆ ತಪ್ಪೆಂದೇ ಇದರ ಅರ್ಥವಲ್ಲ. ಅದು ಕೆಲಸಕ್ಕೆ ನಿಜವಾಗಿ ಬೇಕೇ ಎಂದು ತೋರಿಸುವ ಹೊಣೆ ಈಗ ನಿಮ್ಮದು. ಹೆಚ್ಚಾಗಿ ಸಿಕ್ಕಿಬೀಳುವುದು ದೈಹಿಕ ಪರೀಕ್ಷೆ. ಬೀಟಿನಲ್ಲಿ ಯಾರೂ ಎರಡು ಆಳೆತ್ತರದ ಗೋಡೆ ಹತ್ತುವುದಿಲ್ಲ. ಹತ್ತು ಕಿಲೋಮೀಟರ್ ನಡೆಯುವುದು, ಮೂರು ಮಹಡಿ ಮೆಟ್ಟಿಲು ಓಡಿ ಹತ್ತುವುದು, ಬಿದ್ದವರನ್ನು ಎಳೆದು ಪಕ್ಕಕ್ಕೆ ತರುವುದು ನಿಮ್ಮ 1,280 ನಮೂದುಗಳಲ್ಲಿ ಇದ್ದರೆ ಅದನ್ನೇ ಪರೀಕ್ಷೆ ಮಾಡಿ.

ಪರೀಕ್ಷೆಗಳ ಸರದಿ

ಅಗ್ಗದ್ದು ಮೊದಲು, ದುಬಾರಿಯದು ಆಮೇಲೆ: ಅರ್ಜಿ ಪರಿಶೀಲನೆ, ದೈಹಿಕ ಪರೀಕ್ಷೆ, ಬರವಣಿಗೆ, ಸಮಸ್ಯೆ ಬಿಡಿಸುವ ಅಭ್ಯಾಸ, ಅಭಿನಯ ಪರೀಕ್ಷೆ (ಪಾತ್ರಧಾರಿಯ ಎದುರು ಬೀಟಿನ ಒಂದು ಪ್ರಸಂಗವನ್ನು ನಿಭಾಯಿಸುವುದು), ಸಂದರ್ಶನ, ಹಿನ್ನೆಲೆ ಪರಿಶೀಲನೆ, ವೈದ್ಯಕೀಯ ಮತ್ತು ಮಾನಸಿಕ ತಪಾಸಣೆ. ನೂರಕ್ಕೆ ಲೆಕ್ಕ ಹಾಕಿದರೆ ಬರವಣಿಗೆಗೆ 20, ಸಮಸ್ಯೆ ಅಭ್ಯಾಸಕ್ಕೆ 15, ಅಭಿನಯ ಪರೀಕ್ಷೆಗೆ 35, ಸಂದರ್ಶನಕ್ಕೆ 30. ಉಳಿದವು ಪಾಸು ಅಥವಾ ಫೇಲು, ಅಂಕ ಇಲ್ಲ. ಓಟದಲ್ಲಿ ಹತ್ತು ಸೆಕೆಂಡ್ ಮುಂದೆ ಬಂದವರಿಗೆ ಕೊಡುವ ಹೆಚ್ಚಿನ ಅಂಕ ಸಮುದಾಯ ಪೊಲೀಸ್ ಪಟ್ಟಿಯನ್ನು ತಲೆಕೆಳಗು ಮಾಡಿಬಿಡುತ್ತದೆ.

ಬರವಣಿಗೆಗೆ ಪ್ರಬಂಧ ಕೇಳಬೇಡಿ. ಆರು ನಿಮಿಷದ ಒಂದು ವಿಡಿಯೋ ತೋರಿಸಿ: ಅಂಗಡಿ ಮುಂದೆ ಇಬ್ಬರ ತಕರಾರು, ಪಕ್ಕದಲ್ಲಿ ಮೂರನೆಯವರು, ಒಬ್ಬರ ಕೈಯಲ್ಲಿ ಏನೋ ಇದೆ. ಎರಡು ಸಲ ತೋರಿಸಿ, 25 ನಿಮಿಷದಲ್ಲಿ ಒಂದು ಪುಟದ ವರದಿ ಬರೆಸಿ. ನೋಡಬೇಕಾದ್ದು ಮೂರೇ: ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆ ಇಟ್ಟಿದ್ದಾರೆಯೇ, ಯಾವುದು ಮೊದಲು ಯಾವುದು ಆಮೇಲೆ ಎಂಬ ಕ್ರಮ ಸರಿಯಿದೆಯೇ, ಓದಿದವರಿಗೆ ಅರ್ಥವಾಗುತ್ತದೆಯೇ. ‘ಕುಡಿದಿದ್ದ ವ್ಯಕ್ತಿ’ ಎಂದು ಬರೆದವರಿಗೆ ಅಂಕ ಕಡಿಮೆ, ‘ತೂರಾಡುತ್ತಿದ್ದ ವ್ಯಕ್ತಿ’ ಎಂದವರಿಗೆ ಹೆಚ್ಚು. ಕಾಗುಣಿತದ ತಪ್ಪಿಗೆ ಅಂಕ ಕಡಿಯುತ್ತಾ ಕೂತರೆ ಮುಖ್ಯವಾದದ್ದೇ ತಪ್ಪಿಹೋಗುತ್ತದೆ.

ಸಮಸ್ಯೆ ಅಭ್ಯಾಸಕ್ಕೆ ನಾಲ್ಕು ಹಾಳೆಯ ಕಟ್ಟು ಕೊಡಿ: ಒಂದು ಬಡಾವಣೆಯ ನಕ್ಷೆ, ಆರು ತಿಂಗಳ 40 ದೂರುಗಳ ಪಟ್ಟಿ, ಕೆಟ್ಟ ಬೀದಿದೀಪಗಳ ಪಟ್ಟಿ, ಅಂಗಡಿಯವರ ಒಂದು ಮನವಿ. ನಲವತ್ತರಲ್ಲಿ 17 ದೂರು ಒಂದೇ ಮೂಲೆಯಿಂದ, ಶುಕ್ರವಾರ ರಾತ್ರಿ ಒಂಬತ್ತರಿಂದ ಹನ್ನೊಂದರ ಒಳಗೆ ಬಂದಿರುವ ಹಾಗೆ ಪಟ್ಟಿಯನ್ನು ಹೆಣೆದಿರಿ, ಆದರೆ ದಿನಾಂಕಗಳನ್ನು ಕಲಸಿಡಿ. 45 ನಿಮಿಷದಲ್ಲಿ ಒಂದು ಪುಟ: ಸಮಸ್ಯೆ ಯಾವುದು, ಇನ್ನೇನು ತಿಳಿಯಬೇಕು, ಯಾರನ್ನು ಕಾಣುತ್ತೀರಿ, ಬಗೆಹರಿಯಿತೆಂದು ಹೇಗೆ ಗೊತ್ತಾಗುತ್ತದೆ. ಈ ನಾಲ್ಕು ಪ್ರಶ್ನೆಗಳ ಬೇರು ಅಮೆರಿಕದ ಪೊಲೀಸ್ ಅಧ್ಯಯನಕಾರ ಹರ್ಮನ್ ಗೋಲ್ಡ್‌ಸ್ಟೀನ್ 1979ರಲ್ಲಿ ಮುಂದಿಟ್ಟ ವಿಚಾರದಲ್ಲಿದೆ: ಪೊಲೀಸರು ಒಂದೊಂದೇ ಘಟನೆಯ ಹಿಂದೆ ಓಡುವುದನ್ನು ಬಿಟ್ಟು ಘಟನೆಗಳ ಹಿಂದಿನ ಸಮಸ್ಯೆಯನ್ನು ಹಿಡಿಯಬೇಕು. 1980ರ ದಶಕದಲ್ಲಿ ಅಮೆರಿಕದ ನ್ಯೂಪೋರ್ಟ್ ನ್ಯೂಸ್ ನಗರದಲ್ಲಿ ಅದು ಗುರುತಿಸು, ವಿಶ್ಲೇಷಿಸು, ಕ್ರಮ ಕೈಗೊಳ್ಳು, ಫಲ ಅಳೆ ಎಂಬ ನಾಲ್ಕು ಹಂತವಾಗಿ ರೂಪುಗೊಂಡಿತು. ‘ಗಸ್ತು ಹೆಚ್ಚಿಸಬೇಕು’ ಎಂದಷ್ಟೇ ಬರೆದ ಉತ್ತರ ಅರ್ಧಕ್ಕಿಂತ ಹೆಚ್ಚು ಹಾಳೆಗಳಲ್ಲಿ ಬಂದರೆ ಆಶ್ಚರ್ಯಪಡಬೇಡಿ. ಅದಕ್ಕೆ ಕನಿಷ್ಠ ಅಂಕ.

ಅಭಿನಯ ಪರೀಕ್ಷೆ

ಇಡೀ ನೇಮಕಾತಿಯ ಗಟ್ಟಿ ಭಾಗ ಇದು, ಸಮಯವನ್ನೂ ಇದಕ್ಕೇ ಸುರಿಯಿರಿ. ಒಂದು ಕೋಣೆ, ಒಂದು ಮೇಜು, ಎರಡು ಕುರ್ಚಿ. ಬದಿಯಲ್ಲಿ ಇಬ್ಬರು ಪರೀಕ್ಷಕರು, ಅವರು ಬಾಯಿ ಬಿಡುವುದಿಲ್ಲ. ದೂರು ಕೊಟ್ಟಾಕೆಯ ಪಾತ್ರಧಾರಿ ಪೊಲೀಸರಾಗಿರಬಾರದು, ಹವ್ಯಾಸಿ ನಾಟಕದವರಾದರೆ ಅನುಕೂಲ. ಅಭ್ಯರ್ಥಿಗೆ ಚೀಟಿ: ‘ಮೇಲಿನ ಮನೆಯಲ್ಲಿ ರಾತ್ರಿ ಗದ್ದಲ ಎಂದು ಮೂರನೇ ಸಲ ದೂರು ಬಂದಿದೆ. ದೂರು ಕೊಟ್ಟವರ ಮನೆಗೆ ಬಂದಿದ್ದೀರಿ. ನಿಮಗೆ 12 ನಿಮಿಷ ಇದೆ.’

ಪಾತ್ರಧಾರಿಯ ಹಾಳೆಯಲ್ಲಿ ಇನ್ನೂ ಮೂರು ಸಂಗತಿ ಇರುತ್ತವೆ. ಗಂಡನಿಗೆ ಹುಷಾರಿಲ್ಲ, ನಿದ್ದೆ ಬರುವುದಿಲ್ಲ. ಹಿಂದಿನ ಎರಡು ದೂರಿಗೆ ಯಾರೂ ಮರಳಿ ಏನೂ ತಿಳಿಸಿಲ್ಲ. ಮೂರನೆಯದು ಮುಖ್ಯ: ಮೇಲಿನ ಮನೆಯ ಹುಡುಗ ಮೊನ್ನೆ ರಾತ್ರಿ ಬಾಗಿಲ ಬಳಿ ಬಂದು ಸುಮ್ಮನೆ ನಿಂತಿದ್ದ, ಅಂದಿನಿಂದ ಆಕೆಗೆ ಭಯ. ಈ ಮಾತು ಕೇಳದೆ ಬರುವುದಿಲ್ಲ. ನಿಯಮ ಹೀಗೆ: ಮೊದಲ ಎರಡು ನಿಮಿಷ ಸಿಟ್ಟು. ಮಧ್ಯೆ ತಡೆದರೆ ಅದೇ ವಾಕ್ಯ ಮತ್ತೆ ಹೇಳಬೇಕು. ಅಭ್ಯರ್ಥಿ ಪ್ರಶ್ನೆ ಕೇಳಿ ಐದು ಸೆಕೆಂಡ್ ಸುಮ್ಮನಿದ್ದರೆ ಮಾತ್ರ ಹುಡುಗನ ವಿಷಯ ಹೊರಬೀಳಬೇಕು. ಎಂಟನೇ ನಿಮಿಷಕ್ಕೆ ಮೇಲಿನ ಮನೆಯಾತ ಬಾಗಿಲಿಗೆ ಬರುತ್ತಾನೆ.

ಶುರುವಿನ ಮಾತು ಎಲ್ಲರಿಗೂ ಒಂದೇ: “ಎರಡು ಸಲ ಬಂದ್ರಿ, ಬರ್ಕೊಂಡು ಹೋದ್ರಿ. ಏನ್ ಮಾಡಿದ್ರಿ?”

ಒಬ್ಬ ಅಭ್ಯರ್ಥಿ ಹೇಳುತ್ತಾರೆ: “ಅಮ್ಮ, ಸಮಾಧಾನ ಮಾಡ್ಕೊಳ್ಳಿ. ಲಿಖಿತವಾಗಿ ಕೊಡಿ, ನೋಡೋಣ.” ಮಾತು ಅಲ್ಲಿಗೆ ಮುಚ್ಚಿತು. ಆಕೆ ಅದೇ ವಾಕ್ಯ ಮತ್ತೆ ಹೇಳುತ್ತಾರೆ, ಈತ ಅದೇ ಉತ್ತರ ಮತ್ತೆ ಕೊಡುತ್ತಾರೆ, 12 ನಿಮಿಷ ಕಳೆಯುತ್ತದೆ. ಇನ್ನೊಬ್ಬರು ಹೇಳುತ್ತಾರೆ: “ಬಂದು ಹೋದವರು ಆಮೇಲೆ ನಿಮಗೆ ಏನೂ ತಿಳಿಸಲೇ ಇಲ್ವಾ?” ಎಂದು ಸುಮ್ಮನಾಗುತ್ತಾರೆ. ಆಕೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಈ ಎರಡರ ನಡುವಿನ ವ್ಯತ್ಯಾಸ ಯಾವ ಲಿಖಿತ ಪರೀಕ್ಷೆಯಲ್ಲೂ ಕಾಣುವುದಿಲ್ಲ.

ಮೂರನೇ ಬಗೆಯವರ ಬಗ್ಗೆ ಎಚ್ಚರ ಇರಲಿ. “ನೀವೇನೂ ಯೋಚ್ನೆ ಮಾಡ್ಬೇಡಿ, ನಾಳೆಯಿಂದ ಒಂದು ಸದ್ದೂ ಬರಲ್ಲ, ನಂಗೆ ಬಿಡಿ” ಎನ್ನುವವರು. ಪರೀಕ್ಷಕರಿಗೆ ಇವರು ಬಹಳ ಹಿಡಿಸುತ್ತಾರೆ. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ನೆಚ್ಚಿ ಮಾತಿನ ಮಲ್ಲರನ್ನು ಆರಿಸಿದರೆ ಬೀಟಿನಲ್ಲಿ ಆರು ತಿಂಗಳಿಗೆ ಈಡೇರದ ಭರವಸೆಗಳ ರಾಶಿ ಬೀಳುತ್ತದೆ, ಮುಂದೆ ಬರುವವರನ್ನು ಯಾರೂ ನಂಬುವುದಿಲ್ಲ. ತನ್ನ ಕೈಯಲ್ಲಿ ಇಲ್ಲದ್ದಕ್ಕೆ ಭರವಸೆ ಕೊಟ್ಟರೆ ಅಂಕ ಕಳೆಯಿರಿ. ‘ಇಂಥ ದಿನದೊಳಗೆ ಬಂದು ಏನಾಯಿತೆಂದು ಹೇಳುತ್ತೇನೆ’ ಎಂದರೆ ಕೊಡಿ.

ಅಂಕಪಟ್ಟಿಯಲ್ಲಿ ಎಂಟು ನಡವಳಿಕೆ ಇರಲಿ, ಪ್ರತಿಯೊಂದಕ್ಕೂ ಕಂಡಿತು, ಅರ್ಧ ಕಂಡಿತು, ಕಾಣಲಿಲ್ಲ ಎಂಬ ಮೂರೇ ಗುರುತು. ಪರೀಕ್ಷಕರು ‘ಸೌಮ್ಯ ಸ್ವಭಾವ’, ‘ಒಳ್ಳೆಯ ವ್ಯಕ್ತಿತ್ವ’ ಎಂದು ಬರೆಯಬಾರದು. ‘2ನೇ ನಿಮಿಷ: ಮಧ್ಯೆ ತಡೆದರು. 5ನೇ ನಿಮಿಷ: ಗಂಡನ ಆರೋಗ್ಯ ವಿಚಾರಿಸಿದರು. 9ನೇ ನಿಮಿಷ: ಮೇಲಿನ ಮನೆಯವರನ್ನೂ ಕೂರಿಸಿ ಮಾತಾಡಿಸಿದರು, ಆದರೆ ಆಕೆ ಹೇಳಿದ ಹುಡುಗನ ವಿಷಯ ಎಲ್ಲರೆದುರು ಬಾಯಿಬಿಟ್ಟರು’ ಎಂದು ಬರೆಯಬೇಕು. ಕೊನೆಯದು ಗಂಭೀರ ತಪ್ಪು. ದೂರುದಾರರ ಭಯವನ್ನು ಭಯ ಹುಟ್ಟಿಸಿದವರ ಮನೆಯವರ ಮುಂದೆ ಇಟ್ಟರೆ ಅದರ ಪರಿಣಾಮ ರಾತ್ರಿ ಆಕೆಯ ಬಾಗಿಲಲ್ಲಿ ಕಾಣಿಸುತ್ತದೆ.

ಇಲ್ಲಿ ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ಪಾತ್ರಧಾರಿ ದಣಿಯುತ್ತಾರೆ: ಹತ್ತನೇ ಅಭ್ಯರ್ಥಿಯ ಹೊತ್ತಿಗೆ ಸಿಟ್ಟು ಸಪ್ಪೆಯಾಗಿರುತ್ತದೆ, ಆ ಅಭ್ಯರ್ಥಿಗೆ ಪರೀಕ್ಷೆ ಸುಲಭವಾಗುತ್ತದೆ. ಆರು ಜನಕ್ಕೊಮ್ಮೆ ಬದಲಿಸಿ. ಪ್ರಸಂಗ ಸೋರುತ್ತದೆ: ಬೆಳಿಗ್ಗೆ ಮುಗಿಸಿದವರು ಮಧ್ಯಾಹ್ನದವರಿಗೆ ಫೋನ್ ಮಾಡುತ್ತಾರೆ. ಒಂದೇ ತೂಕದ ಮೂರು ಪ್ರಸಂಗ ಸಿದ್ಧವಿಟ್ಟುಕೊಳ್ಳಿ. ಪರೀಕ್ಷಕರಿಬ್ಬರ ಅಂಕ ದೂರ ದೂರ ಬೀಳುತ್ತದೆ: ಹಿಂದಿನ ದಿನ ಇಬ್ಬರನ್ನೂ ಕೂರಿಸಿ ಮೂರು ವಿಡಿಯೋಗಳಿಗೆ ಅಂಕ ಹಾಕಿಸಿ, ಎಲ್ಲಿ ಬೇರೆಯಾಯಿತೋ ಅಲ್ಲಿ ಅಂಕಪಟ್ಟಿಯ ಮಾತನ್ನೇ ತಿದ್ದಿ.

ಸಂದರ್ಶನ

ಎಲ್ಲರಿಗೂ ಒಂದೇ ಆರು ಪ್ರಶ್ನೆ, ಒಂದೇ ಕ್ರಮ, ಪ್ರತಿ ಪ್ರಶ್ನೆಗೆ ಒಂದರಿಂದ ಐದರ ಅಂಕ, ಒಂದು ಮೂರು ಐದಕ್ಕೆ ಎಂಥ ಉತ್ತರ ಎಂಬುದು ಮೊದಲೇ ಬರೆದಿರಬೇಕು. ಬಾಯಿಗೆ ಬಂದದ್ದು ಕೇಳುವ ಸಂದರ್ಶನಕ್ಕಿಂತ ಇಂಥ ಕಟ್ಟುನಿಟ್ಟಿನ ಸಂದರ್ಶನವೇ ಮುಂದಿನ ಕೆಲಸವನ್ನು ಹೆಚ್ಚು ಸರಿಯಾಗಿ ಮುನ್ಸೂಚಿಸುತ್ತದೆ ಎಂದು ನೇಮಕಾತಿ ಸಂಶೋಧನೆ ದಶಕಗಳಿಂದ ತೋರಿಸುತ್ತಾ ಬಂದಿದೆ. ‘ಪೊಲೀಸ್ ಆಗಬೇಕೆಂದು ಏಕೆ ಅನಿಸಿತು?’ ಎಂಬ ಪ್ರಶ್ನೆಯನ್ನು ಬಿಟ್ಟುಬಿಡಿ, ಅದಕ್ಕೆ ಎಲ್ಲರ ಉತ್ತರವೂ ತಯಾರಾಗಿರುತ್ತದೆ. ನಡೆದದ್ದನ್ನು ಕೇಳಿ: ‘ನಿಮ್ಮ ಮೇಲೆ ಯಾರಿಗೋ ತಪ್ಪು ಅಭಿಪ್ರಾಯ ಇತ್ತು. ಅದನ್ನು ಹೇಗೆ ತಿಳಿದುಕೊಂಡಿರಿ, ಏನು ಮಾಡಿದಿರಿ?’ ಅಂಕ ಒಂದು: ಬೇರೆಯವರನ್ನೇ ದೂರುತ್ತಾರೆ, ಘಟನೆ ತೇಲುತ್ತದೆ. ಮೂರು: ನಿರ್ದಿಷ್ಟ ಘಟನೆ ಇದೆ, ತಾನು ಮಾಡಿದ್ದು ಇದೆ, ಎದುರಿನವರ ನೋಟ ಇಲ್ಲ. ಐದು: ಎದುರಿನವರಿಗೆ ಹಾಗೆ ಏಕೆ ಅನಿಸಿತು ಎಂಬುದನ್ನು ಅವರ ಮಾತಲ್ಲೇ ಹೇಳುತ್ತಾರೆ, ತನ್ನ ಯಾವ ನಡೆ ಬದಲಿಸಿಕೊಂಡರು ಎಂದೂ ಹೇಳುತ್ತಾರೆ.

ಜೊತೆಯ ಪೊಲೀಸರ ತಪ್ಪನ್ನು ಕಂಡಾಗ ಏನು ಮಾಡುತ್ತೀರಿ ಎಂಬ ಪ್ರಶ್ನೆ ಇರಲೇಬೇಕು. ನೇರ ಕೇಳಿದರೆ ಎಲ್ಲರೂ ‘ಮೇಲಧಿಕಾರಿಗೆ ತಿಳಿಸುತ್ತೇನೆ’ ಎನ್ನುತ್ತಾರೆ. ಹಾಗಾಗಿ ಮೆಟ್ಟಿಲು ಮೆಟ್ಟಿಲಾಗಿ ಕೇಳಿ: ಆ ವ್ಯಕ್ತಿ ನಿಮಗೆ ಕೆಲಸ ಕಲಿಸಿದವರಾದರೆ? ಮೇಲಧಿಕಾರಿ ‘ಬಿಡಿ ಅದನ್ನ’ ಎಂದರೆ?

ಮಂಡಳಿಯಲ್ಲಿ ಮೂವರು ಸಾಕು: ಇಬ್ಬರು ಇಲಾಖೆಯವರು, ಒಬ್ಬರು ಬೀಟಿನ ನಿವಾಸಿ. ನಿವಾಸಿ ಎಂದಾಗ ಎಲ್ಲ ಸಭೆಯಲ್ಲೂ ಮುಂದಿನ ಸಾಲಿನಲ್ಲಿ ಕೂರುವ ಅದೇ ಮುಖಂಡರನ್ನು ಕರೆಯಬೇಡಿ. ಠಾಣೆಗೆ ದೂರು ಕೊಟ್ಟು ಬೇಸತ್ತವರೊಬ್ಬರನ್ನು ಕರೆದರೆ ಪ್ರಶ್ನೆಗಳ ಮೊನೆ ಬದಲಾಗುತ್ತದೆ. ಅವರಿಗೆ ಮೂರು ಗಂಟೆಯ ತರಬೇತಿ, ಗೌಪ್ಯತೆಯ ಒಪ್ಪಂದ, ಅಭ್ಯರ್ಥಿಗಳಲ್ಲಿ ಯಾರೂ ನೆಂಟರಲ್ಲ ಎಂಬ ಬರಹ, ಮತ್ತು ಉಳಿದವರಷ್ಟೇ ತೂಕದ ಅಂಕ. ತೋರಿಕೆಗೆ ಕೂರಿಸಿ ಅಂಕ ಕೊಡಲು ಬಿಡದಿದ್ದರೆ ಆ ಸುದ್ದಿ ಅಂದು ಸಂಜೆಯೇ ಬೀದಿ ತಲುಪುತ್ತದೆ. ಮೂವರೂ ಅಂಕ ಬರೆದು ಸಹಿ ಹಾಕಿದ ಮೇಲೆಯೇ ಚರ್ಚೆ. ಹಿರಿಯ ಅಧಿಕಾರಿ ಮೊದಲು ಬಾಯಿ ಬಿಟ್ಟರೆ ಉಳಿದವರ ಪೆನ್ನು ಅವರ ಕಡೆಗೇ ವಾಲುತ್ತದೆ, ಹಾಗಾಗಿ ಅವರು ಕೊನೆಗೆ ಮಾತಾಡಲಿ.

ಹಿನ್ನೆಲೆ, ತಪಾಸಣೆ

ಲಂಡನ್ ಮಹಾನಗರ ಪೊಲೀಸ್ 1829ರಲ್ಲಿ ಶುರುವಾದಾಗ ಒಂದನೇ ನಂಬರಿನ ಕಾನ್‌ಸ್ಟೆಬಲ್ ಕುಡಿತದ ಕಾರಣಕ್ಕೆ ವಜಾ ಆದರು. ಹಿನ್ನೆಲೆ ನೋಡದಿದ್ದರೆ ಏನಾಗುತ್ತದೆ ಎಂಬ ಪಾಠ ಈ ವೃತ್ತಿಯಷ್ಟೇ ಹಳೆಯದು. ಅಪರಾಧ ದಾಖಲೆ ಇಲ್ಲ ಎಂಬ ಒಂದು ಹಾಳೆ ಸಾಲದು. ಹಿಂದಿನ ಎರಡು ಕೆಲಸದ ಜಾಗಗಳಿಗೆ ಖುದ್ದು ಹೋಗಿ, ‘ಹೇಗಿದ್ದರು?’ ಎನ್ನುವ ಬದಲು ‘ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುತ್ತೀರಾ? ಇಲ್ಲವಾದರೆ ಏಕೆ?’ ಎಂದು ಕೇಳಿ. ಅಭ್ಯರ್ಥಿ ಕೊಟ್ಟ ಹೆಸರುಗಳನ್ನು ಕೇಳಿದ ಮೇಲೆ ‘ಇವರನ್ನು ಚೆನ್ನಾಗಿ ಬಲ್ಲ ಇನ್ನೊಬ್ಬರ ಹೆಸರು ಹೇಳಿ’ ಎನ್ನಿ. ನಿಜ ಸಂಗತಿ ಹೆಚ್ಚಾಗಿ ಸಿಗುವುದು ಆ ಇನ್ನೊಬ್ಬರ ಬಳಿ. ತೀರಿಸುವ ಶಕ್ತಿ ಮೀರಿದ ಸಾಲ, ಮನೆಯೊಳಗಿನ ಹಿಂಸೆ, ಜಾಲತಾಣದಲ್ಲಿ ಯಾವುದಾದರೂ ಸಮುದಾಯದ ಮೇಲೆ ಕಾರಿದ ದ್ವೇಷ ಇವನ್ನು ಪ್ರತ್ಯೇಕವಾಗಿ ನೋಡಿ. ಬೇರೆ ಪೊಲೀಸ್ ಇಲಾಖೆ ಬಿಟ್ಟು ಬಂದವರಾದರೆ ರಾಜೀನಾಮೆಯ ಸಮಯದಲ್ಲಿ ವಿಚಾರಣೆ ಬಾಕಿ ಇತ್ತೇ ಎಂದು ಲಿಖಿತ ಉತ್ತರ ಪಡೆಯಿರಿ. ಹದಿನೆಂಟನೇ ವಯಸ್ಸಿನ ಸಣ್ಣ ತಪ್ಪನ್ನು ತಾವಾಗಿ ಹೇಳಿಕೊಂಡವರಿಗೆ ಬಾಗಿಲು ಮುಚ್ಚಬೇಡಿ, ಅದನ್ನೇ ಮುಚ್ಚಿಟ್ಟವರಿಗೆ ಮುಚ್ಚಿ.

ಮಾನಸಿಕ ತಪಾಸಣೆ ಪರಿಣತ ಮನಶ್ಶಾಸ್ತ್ರಜ್ಞರ ಕೆಲಸ. ಅಲ್ಲಿ ಬಳಸುವ ಪ್ರಶ್ನಾವಳಿಗಳು ಮುಖ್ಯವಾಗಿ ತೊಂದರೆಯ ಸುಳಿವನ್ನು ಹಿಡಿಯುತ್ತವೆ. ಸುಳಿವಿಲ್ಲದವರೆಲ್ಲ ಒಳ್ಳೆಯ ಬೀಟ್ ಪೊಲೀಸ್ ಎಂದಲ್ಲ, ಆದ್ದರಿಂದ ಅದರಿಂದ ರ‍್ಯಾಂಕ್ ಪಟ್ಟಿ ಮಾಡಬೇಡಿ. ಅಮೆರಿಕದಲ್ಲಿ 1990ರ ಅಂಗವಿಕಲರ ಹಕ್ಕು ಕಾಯ್ದೆಯ ಪ್ರಕಾರ ವೈದ್ಯಕೀಯ ತಪಾಸಣೆಗಳೆಲ್ಲ ‘ತಪಾಸಣೆಯಲ್ಲಿ ಪಾಸಾದರೆ ಕೆಲಸ’ ಎಂಬ ಷರತ್ತಿನ ಆಹ್ವಾನ ಕೊಟ್ಟ ಮೇಲೆಯೇ ನಡೆಯಬೇಕು. ಕಾನೂನು ಹಾಗೆ ಹೇಳದ ಕಡೆಯೂ ಈ ಸರದಿ ಖರ್ಚು ಉಳಿಸುತ್ತದೆ.

ಆರಿಸಿದ ಮೇಲೆ

ಇಲ್ಲಿಯವರೆಗಿನ ಶ್ರಮ ಮೊದಲ ಹನ್ನೆರಡು ವಾರದಲ್ಲಿ ಹಾಳಾಗಬಹುದು. ಹೊಸಬರನ್ನು ‘ಅಕಾಡೆಮಿಯಲ್ಲಿ ಕಲಿತದ್ದೆಲ್ಲ ಮರೆತುಬಿಡು’ ಎನ್ನುವ ಹಳಬರ ಜೊತೆ ಹಾಕಿದರೆ ಅವರು ಅದನ್ನೇ ಮಾಡುತ್ತಾರೆ. ಕಲಿಸುವವರನ್ನೂ ಅರ್ಜಿ ಕರೆದೇ ಆರಿಸಿ. 1970ರ ದಶಕದ ಆರಂಭದಲ್ಲಿ ಅಮೆರಿಕದ ಸ್ಯಾನ್ ಹೊಸೆ ನಗರದಲ್ಲಿ ರೂಪಿಸಿದ ಕ್ಷೇತ್ರ ತರಬೇತಿ ಕ್ರಮ ದಿನದಿನದ ಅಂಕಪಟ್ಟಿಗೆ ಹೆಸರಾದದ್ದು. ಆಮೇಲೆ ರೀನೊ ನಗರದಲ್ಲಿ ಬೆಳೆದ ಇನ್ನೊಂದು ಕ್ರಮದಲ್ಲಿ ಹೊಸಬರು ಬೀಟಿನ ಒಂದು ನಿಜ ಸಮಸ್ಯೆಯನ್ನು ಕೈಗೆತ್ತಿಕೊಂಡು ಕಲಿಯುತ್ತಾರೆ. ಸಮುದಾಯ ಹುದ್ದೆಗೆ ಎರಡನೆಯದೇ ಹೊಂದುತ್ತದೆ, ಆದರೆ ವಾರಕ್ಕೊಮ್ಮೆಯಾದರೂ ಲಿಖಿತ ಮೌಲ್ಯಮಾಪನ ಬೇಕು. ಇಲ್ಲದಿದ್ದರೆ ಪ್ರೊಬೇಷನ್ ಮುಗಿಯುವ ದಿನ ಕೈಯಲ್ಲಿ ಏನೂ ಇರುವುದಿಲ್ಲ, ಎಲ್ಲರೂ ಪಾಸಾಗುತ್ತಾರೆ.

ಮೊದಲ ತಿಂಗಳ ಕೆಲಸ ಮನೆ ಮನೆ ಭೇಟಿ. ಜಪಾನಿನ ಕೋಬಾನ್ ಚೌಕಿಗಳ ಪೊಲೀಸರು ತಮ್ಮ ಸರಹದ್ದಿನ ಮನೆಗಳಿಗೆ ಸುತ್ತು ಹೋಗುವುದು ಕೆಲಸದ ಭಾಗವೇ. ಸಿಂಗಪುರ 1983ರಲ್ಲಿ ಆ ಮಾದರಿಯನ್ನು ತನ್ನ ನೆರೆಹೊರೆ ಠಾಣೆಗಳಿಗೆ ಒಗ್ಗಿಸಿಕೊಂಡಿತು. ಹಳೆಯ ಬೀಟಿನವರು ಹೋಗುವ ಮುನ್ನ ಎರಡು ವಾರ ಇಬ್ಬರೂ ಜೊತೆಯಲ್ಲಿ ನಡೆಯಲಿ. ಪರಿಚಯ ಕಡತದಲ್ಲಿ ಬರುವುದಿಲ್ಲ, ಒಬ್ಬರ ಬಾಯಿಂದ ಇನ್ನೊಬ್ಬರ ಹೆಸರು ಕೇಳಿದಾಗಲೇ ಬರುವುದು.

ಇನ್ನು ಎಲ್ಲಕ್ಕಿಂತ ಹೆಚ್ಚು ದೂರು ಬರುವ ವಿಷಯ: ಬಂದೋಬಸ್ತ್, ರಜೆ ಹಾಕಿದವರ ಪಾಳಿ, ಗಣ್ಯರ ಭೇಟಿ ಎಂದು ಬೀಟಿನವರನ್ನು ಎಳೆದುಕೊಳ್ಳುವುದು. ತಿಂಗಳಿಗೆ ಇಂತಿಷ್ಟು ಪಾಳಿಗಿಂತ ಹೆಚ್ಚು ಎಳೆಯಬಾರದು ಎಂಬ ಮಿತಿಯನ್ನು ನೇಮಕಾತಿ ಆದೇಶದಲ್ಲೇ ಬರೆಯಿಸಿ. ಎಳೆದ ಪ್ರತಿ ಪಾಳಿಯನ್ನೂ ಠಾಣಾಧಿಕಾರಿಯ ಸಹಿಯೊಂದಿಗೆ ದಾಖಲಿಸಿ. ಐದು ಪಾಳಿ ಎಂದು ಗೊತ್ತುಮಾಡಿದ ಕಡೆ ಹದಿನೈದು ಆಗಿದ್ದರೆ ಬೀಟಿನಲ್ಲಿ ಸಮುದಾಯ ಪೊಲೀಸ್ ಹೆಸರಿಗೆ ಮಾತ್ರ ಇದ್ದಾರೆ, ಆಗ ಅವರ ಮೌಲ್ಯಮಾಪನವನ್ನೂ ಹಾಗೆಯೇ ಓದಬೇಕು.

ಹದಿನೆಂಟು ತಿಂಗಳಾದ ಮೇಲೆ ನೇಮಕಾತಿಯ ಕಟ್ಟು ಮತ್ತೆ ಬಿಚ್ಚಿ. ಒಂದು ಬದಿಗೆ ಪರೀಕ್ಷೆಯ ಪ್ರತಿ ಹಂತದ ಅಂಕ, ಇನ್ನೊಂದು ಬದಿಗೆ ಈಗಿನ ಕೆಲಸ: ದೂರುದಾರರಿಗೆ ಮರಳಿ ತಿಳಿಸಿದ ಪ್ರಮಾಣ, ಬಗೆಹರಿದ ಸಮಸ್ಯೆಗಳು, ನಿವಾಸಿಗಳ ಅಭಿಪ್ರಾಯ, ಬಂದ ದೂರುಗಳು. ಸಂದರ್ಶನದ ಯಾವ ಪ್ರಶ್ನೆಗೆ ಎಲ್ಲರಿಗೂ ನಾಲ್ಕು ಬಿದ್ದಿತ್ತೋ ಅದನ್ನು ಕಿತ್ತುಹಾಕಿ. ಅಭಿನಯ ಪರೀಕ್ಷೆಯಲ್ಲಿ ಹೆಚ್ಚು ಪಡೆದವರು ಬೀಟಿನಲ್ಲಿ ಸೋತಿದ್ದರೆ ಪ್ರಸಂಗ ತೀರಾ ಸುಲಭವಾಗಿತ್ತು ಎಂದು ಶಂಕಿಸಿ. ಬಿಟ್ಟು ಹೋದವರಿಗೂ ಫೋನ್ ಮಾಡಿ ಕಾರಣ ಕೇಳಿ, ಬರೆದುಕೊಳ್ಳಿ, ಮುಂದಿನ ಅಧಿಸೂಚನೆ ಬರೆಯುವಾಗ ಆ ಹಾಳೆಯನ್ನು ಮೇಜಿನ ಮೇಲೆ ಇಟ್ಟುಕೊಳ್ಳಿ.